ದಿನಕ್ಕೊಂದು ಯೂರೊ: ವಿಯೆನ್ನಾ ಪಾಸಿನ ದುಡ್ಡು ಕೊಟ್ಟಿದ್ದು ಯಾರು?

ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಬಸ್ಸಲ್ಲೋ ಮೆಟ್ರೊದಲ್ಲೋ ನಿಂತ್ಕೊಂಡೇ ಇದನ್ನ ಕೇಳ್ತಿರೋರು ನಿಮ್ಮಲ್ಲಿ ತುಂಬಾ ಜನ ಇರ್ತೀರ. ಇವತ್ತಿನ ಮಾತು ಅದರ ಬಗ್ಗೆಯೇ.

ನಾನಿರುವುದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಸಾರಿಗೆ ವಿಷಯ ಬಂದಾಗೆಲ್ಲ ಈ ಊರಿನ ಹೆಸರಿನ ಜೊತೆ ಒಂದು ಸಂಖ್ಯೆ ಬರುತ್ತಿತ್ತು: 365. ವರ್ಷಕ್ಕೆ 365 ಯೂರೊ ಕೊಟ್ಟರೆ ಊರೊಳಗಿನ ಮೆಟ್ರೊ, ಟ್ರಾಮ್, ಬಸ್ಸು, ಲೋಕಲ್ ರೈಲು ಎಲ್ಲದರಲ್ಲೂ ಎಷ್ಟು ಸಲ ಬೇಕಾದರೂ ಓಡಾಡಬಹುದು. ದಿನಕ್ಕೆ ಒಂದು ಯೂರೊ, ಅಂದರೆ ಹೆಚ್ಚುಕಡಿಮೆ ನೂರು ರೂಪಾಯಿ. 2026ರ ಜನವರಿಯಿಂದ ಆ ಸಂಖ್ಯೆ ಇಲ್ಲ. ಈಗ ಪ್ಲಾಸ್ಟಿಕ್ ಕಾರ್ಡ್ ಬೇಕಂದ್ರೆ 467 ಯೂರೊ, ಮೊಬೈಲಲ್ಲೇ ಇಟ್ಕೊಂಡ್ರೆ 461.

ಸುದ್ದಿ ಬಂದಾಗ ಇಲ್ಲಿ ಜನ ಸರಿಯಾಗೇ ಬೈದರು. ಒಂದೇ ಏಟಿಗೆ ಶೇ 28ರಷ್ಟು ಏರಿಕೆ, ಬೈಯದೆ ಇನ್ನೇನು? ‘ವಿಯೆನ್ನಾ ಮಾದರಿ ಮುಗೀತು’ ಅನ್ನೋ ಮಾತೂ ಬಂತು. ನನಗೆ ಹಾಗನ್ನಿಸೋದಿಲ್ಲ. ಯಾಕೆ ಅಂತ ಹೇಳೋದಕ್ಕೆ ಮುಂಚೆ ಇಲ್ಲಿ ಓಡಾಡೋದು ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ.

ಇಲ್ಲಿನ ಮೆಟ್ರೊ ನಿಲ್ದಾಣದಲ್ಲಿ ಗೇಟೇ ಇಲ್ಲ. ನಮ್ಮ ಮೆಟ್ರೊದಲ್ಲಿ ಟೋಕನ್ನೋ ಕಾರ್ಡೋ ತೋರಿಸಿದರೆ ಬಾಗಿಲು ತೆಗೆಯುತ್ತಲ್ಲ, ಅಂಥದ್ದು ಯಾವುದೂ ಇಲ್ಲ. ರಸ್ತೆಯಿಂದ ಮೆಟ್ಟಿಲಿಳಿದು ಸೀದಾ ಪ್ಲಾಟ್‌ಫಾರ್ಮಿಗೆ ಹೋಗೋದು. ಬಿಡಿ ಟಿಕೆಟ್ ಇದ್ದೋರು ದಾರಿಯಲ್ಲಿರೋ ಸಣ್ಣ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸ್ಕೋಬೇಕು. ವರ್ಷದ ಪಾಸಿದ್ದೋರು ಏನೂ ಮಾಡಬೇಕಿಲ್ಲ. ಹಾಗಂತ ಕೇಳೋರೇ ಇಲ್ಲ ಅಂದ್ಕೋಬೇಡಿ. ಮಫ್ತಿಯಲ್ಲೂ ಚೆಕಿಂಗ್‌ನವರು ಬರ್ತಾರೆ, ಸಿಕ್ಕಿಬಿದ್ದರೆ ನೂರು ಯೂರೊಗಿಂತ ಜಾಸ್ತಿ ದಂಡ. ಹಿಂದೆ ಕಪ್ಪು ಟೋಪಿ ಹಾಕ್ತಿದ್ದರಂತೆ, ಅದಕ್ಕೆ ಈಗಲೂ ಇಲ್ಲಿನ ಆಡುಮಾತಲ್ಲಿ ಅವರಿಗೆ ‘ಕಪ್ಪು ಟೋಪಿಯವರು’ ಅಂತಲೇ ಹೆಸರು.

ಟ್ರಾಮಂತೂ ಈ ಊರಿನ ಮನೆಮಗ. ಅದರ ಗಂಟೆಯ ಸದ್ದಿನಿಂದ ಬಂದ ‘ಬಿಮ್’ ಅನ್ನೋ ಹೆಸರಲ್ಲೇ ಕರೀತಾರೆ. 71ನೇ ನಂಬರ್ ಟ್ರಾಮ್ ಊರಿನ ದೊಡ್ಡ ಸ್ಮಶಾನದ ಕಡೆ ಹೋಗುತ್ತೆ. ಹಾಗಾಗಿ ಯಾರಾದರೂ ತೀರಿಕೊಂಡರೆ ‘71 ಹತ್ತಿದರು’ ಅಂತಾರೆ. ಸಾವನ್ನೂ ಟ್ರಾಮ್ ನಂಬರಿನಲ್ಲಿ ಹೇಳೋ ಊರಿದು.

ಸರಿ, 365ಕ್ಕೆ ಬರೋಣ. 2010ರ ನಗರ ಚುನಾವಣೆಯಲ್ಲಿ ಗ್ರೀನ್ಸ್ ಪಕ್ಷದವರು ವರ್ಷಕ್ಕೆ ನೂರೇ ಯೂರೊಗೆ ಪಾಸ್ ಕೊಡಬೇಕು ಅಂತ ಹೊರಟಿದ್ದರು. ಆಮೇಲೆ ಸೋಷಿಯಲ್ ಡೆಮಾಕ್ರಟರ ಜೊತೆ ಸೇರಿ ಅಧಿಕಾರ ಹಿಡಿದರು. ಗ್ರೀನ್ಸ್‌ನ ಮರಿಯಾ ವಸಿಲಾಕು ಉಪ ಮೇಯರ್ ಆದರು. ಕೊನೆಗೆ ಒಪ್ಪಂದವಾಗಿದ್ದು 365ಕ್ಕೆ. 2012ರ ಮೇ 1ರಂದು ಜಾರಿಗೆ ಬಂತು. ಅದಕ್ಕೂ ಮೊದಲು ವರ್ಷದ ಪಾಸ್ ಎಷ್ಟಿತ್ತು ಗೊತ್ತಾ? 449 ಯೂರೊ. ಅಂದರೆ ಈಗಿನ 467, ಹದಿನಾಲ್ಕು ವರ್ಷದ ಹಿಂದಿನ ಬೆಲೆಗಿಂತ 18 ಯೂರೊ ಜಾಸ್ತಿ, ಅಷ್ಟೆ. ಈ ನಡುವೆ ಬಾಡಿಗೆ, ಬ್ರೆಡ್ಡು, ಕರೆಂಟು ಎಷ್ಟು ಏರಿದೆ ಅಂತ ಇಲ್ಲಿ ಇರೋರಿಗೆ ಹೇಳಬೇಕಿಲ್ಲ.

ಪಾಸ್ ಅಗ್ಗವಾದ ಮೇಲೆ ತಗೊಂಡವರ ಸಂಖ್ಯೆ ನೆಗೆಯಿತು. 2011ರಲ್ಲಿ ನಾಲ್ಕು ಲಕ್ಷಕ್ಕಿಂತ ಕಡಿಮೆ ಇದ್ದದ್ದು 2019ರ ಹೊತ್ತಿಗೆ ಎಂಟು ಲಕ್ಷ ದಾಟಿತು. ಊರಲ್ಲಿ ನೋಂದಣಿಯಾದ ಕಾರುಗಳಿಗಿಂತ ಪಾಸುಗಳೇ ಜಾಸ್ತಿಯಾದವು. ಪ್ರಚಾರಕ್ಕೆ ಇದಕ್ಕಿಂತ ಒಳ್ಳೆ ಸಾಲು ಬೇಕಾ?

ಆದರೆ ಇನ್ನೊಂದು ಲೆಕ್ಕ ಇದೆ. ಊರಿನ ಜನ ಮಾಡೋ ಒಟ್ಟು ಓಡಾಟದಲ್ಲಿ ಎಷ್ಟು ಪಾಲು ಬಸ್ಸು-ಟ್ರಾಮ್-ಮೆಟ್ರೊದ್ದು, ಎಷ್ಟು ಕಾರಿನದ್ದು ಅನ್ನೋದು. 1993ರಲ್ಲಿ ಸಾರ್ವಜನಿಕ ಸಾರಿಗೆ ಶೇ 29, ಕಾರು ಶೇ 40. 2012ಕ್ಕೆ ಅದು ತಿರುವುಮುರುವು: ಸಾರಿಗೆ ಶೇ 39, ಕಾರು ಶೇ 27. ದೊಡ್ಡ ಬದಲಾವಣೆ, ಅಲ್ವಾ? ಈಗ ಇಸವಿ ನೋಡಿ. ಈ ಏರಿಕೆಯಲ್ಲಿ ಬಹುಪಾಲು 365 ಬರೋದಕ್ಕೂ ಮೊದಲೇ ಆಗಿಹೋಗಿತ್ತು. 365 ಬಂದು ಏಳು ವರ್ಷ ಕಳೆದ ಮೇಲೆ, 2019ರಲ್ಲಿ, ಸಾರಿಗೆಯ ಪಾಲು ಶೇ 38. ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹೊಸ ಪಾಸ್ ತಗೊಂಡವರಲ್ಲಿ ತುಂಬಾ ಜನ ಮೊದಲೇ ತಿಂಗಳ ಪಾಸಲ್ಲಿ ಓಡಾಡ್ತಿದ್ದೋರು, ಅಗ್ಗ ಅಂತ ವರ್ಷದ್ದಕ್ಕೆ ಬದಲಾಯಿಸಿಕೊಂಡರು ಅಂತಲೇ ಇದರರ್ಥ.

ಹಾಗಾದರೆ ಕಾರಿನಿಂದ ಜನರನ್ನ ಇಳಿಸಿದ್ದು ಯಾವುದು? ಒಂದು, ಪಾರ್ಕಿಂಗ್. 1993ರಲ್ಲಿ ನಡು ಊರಿನ ಒಂದನೇ ಜಿಲ್ಲೆಯಲ್ಲಿ ರಸ್ತೆಬದಿ ಕಾರು ನಿಲ್ಲಿಸೋದಕ್ಕೆ ದುಡ್ಡು ವಸೂಲಿ ಶುರುಮಾಡಿದರು. ಆಮೇಲೆ ಪಕ್ಕದ ಜಿಲ್ಲೆಗಳಿಗೆ, 2012ರಲ್ಲಿ ಇನ್ನಷ್ಟು ಕಡೆಗೆ, 2022ರ ಮಾರ್ಚಿನಿಂದ ಬಹುತೇಕ ಇಡೀ ಊರಿಗೆ. ವಾರದ ದಿನಗಳಲ್ಲಿ ದುಡ್ಡು ಕೊಟ್ಟರೂ ಎರಡು ಗಂಟೆ ಮಾತ್ರ. ಅಲ್ಲೇ ಮನೆ ಇದ್ದೋರಿಗೆ ಬೇರೆ ಪರ್ಮಿಟ್ಟು, ಅದಕ್ಕೂ ದುಡ್ಡು. ಆಫೀಸಿನ ಎದುರು ಬೆಳಗ್ಗೆಯಿಂದ ಸಂಜೆವರೆಗೂ ಪುಕ್ಕಟೆ ಕಾರು ನಿಲ್ಲಿಸೋ ಕಾಲ ಮುಗೀತು.

ಇನ್ನೊಂದು ನನಗೆ ತುಂಬಾ ಇಷ್ಟವಾದ ವಿಷಯ. 1970ರಿಂದ ವಿಯೆನ್ನಾದಲ್ಲಿ ಕಂಪನಿಗಳ ಮೇಲೆ ಒಂದು ತೆರಿಗೆ ಇದೆ, ಜನ ಅದನ್ನ ‘ಮೆಟ್ರೊ ತೆರಿಗೆ’ ಅಂತಾರೆ. ಕೆಲಸಕ್ಕಿರುವ ಪ್ರತಿಯೊಬ್ಬರ ಲೆಕ್ಕದಲ್ಲಿ, ಕೆಲವು ವಿನಾಯಿತಿ ಬಿಟ್ಟು, ವಾರಕ್ಕಿಷ್ಟು ಅಂತ ಕಂಪನಿ ಕಟ್ಟಬೇಕು. ಆ ದುಡ್ಡು ಮೆಟ್ರೊ ಕಟ್ಟೋದಕ್ಕೆ. ಸಂಬಳದಲ್ಲಿ ಮುರ್ಕೊಳ್ಳೋ ಹಾಗಿಲ್ಲ. ಪಾಸಿನ ಬೆಲೆ ಇಳಿಸಿದ 2012ರಲ್ಲೇ ಈ ತೆರಿಗೆಯನ್ನ 72 ಸೆಂಟಿನಿಂದ 2 ಯೂರೊಗೆ ಏರಿಸಿದರು. ಇದು ಪೋಸ್ಟರಲ್ಲಿ ಬರಲಿಲ್ಲ. 365 ಬಂತು.

ಉದ್ಯೋಗಿಗಳು ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಬಂದರೆ ಲಾಭ ಯಾರಿಗೆ? ಕಂಪನಿಗೂ ತಾನೇ. ಹಾಗಾದರೆ ಅವರೂ ಕೊಡಲಿ. ನನಗಂತೂ ಇದು ಸರಿ ಅನ್ನಿಸುತ್ತೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ನಮ್ಮ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋದಾಗ ಗೆಳೆಯರ ವಾಟ್ಸ್ಆ್ಯಪ್ ಗುಂಪಲ್ಲಿ ನಾನು ಇದನ್ನೇ ಬರೆದೆ. ಇಬ್ಬರು ಹೆಬ್ಬೆಟ್ಟು ಎತ್ತಿದರು, ಒಬ್ಬ ‘ನಮ್ಮ ಕಂಪನಿ ಕ್ಯಾಬೇ ಕೊಡಲ್ಲ ಮಗಾ’ ಅಂದ.

ಮೂರನೆಯದು, ಕಾಯೋ ಹೊತ್ತು. ಬೆಳಗಿನ ರಶ್ಶಲ್ಲಿ ಮೆಟ್ರೊ ಎರಡು-ಮೂರು ನಿಮಿಷಕ್ಕೊಂದು. 2010ರಿಂದ ಶುಕ್ರವಾರ, ಶನಿವಾರ ರಾತ್ರಿಯಿಡೀ ಓಡುತ್ತೆ. ಟೈಮ್‌ಟೇಬಲ್ ನೋಡೋ ಅಭ್ಯಾಸವೇ ನನಗೆ ಬಿಟ್ಟುಹೋಗಿದೆ. ಅದಕ್ಕೇ 2022-23ರಲ್ಲಿ ಡ್ರೈವರ್‌ಗಳ ಕೊರತೆಯಿಂದ ಕೆಲವು ಟ್ರಾಮು, ಬಸ್ಸುಗಳ ನಡುವಿನ ಅಂತರ ಜಾಸ್ತಿಯಾದಾಗ ನನ್ನ ಪರಿಚಯದವರೆಲ್ಲ ಗೊಣಗಿದರು. ಆಗ ಪಾಸ್ 365ಕ್ಕೇ ಇತ್ತು. ಅಗ್ಗದ ಪಾಸ್ ಜೇಬಲ್ಲಿಟ್ಕೊಂಡು ಚಳಿಯಲ್ಲಿ ಹದಿನೈದು ನಿಮಿಷ ನಿಂತರೆ ಯಾರಿಗೆ ಖುಷಿಯಾಗುತ್ತೆ ಹೇಳಿ.

ಹಾಗಂತ ಏರಿಕೆ ಸಲೀಸು ಅಂತ ನಾನು ಹೇಳ್ತಿಲ್ಲ. ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡೋರಿಗೆ, ಬಿಲ್ಡಿಂಗ್ ಕ್ಲೀನ್ ಮಾಡೋರಿಗೆ 102 ಯೂರೊ ಸಣ್ಣದಲ್ಲ. ನಗರದ ಬಜೆಟ್ಟಲ್ಲಿ ದೊಡ್ಡ ಕೊರತೆ ಬಿದ್ದಿದೆ, ಅದಕ್ಕೆ ಏರಿಸಿದ್ದಾರೆ. ಇನ್ನು ಮೇಲೆ ಪ್ರತಿ ಕೊರತೆಗೂ ಪಾಸಿಗೇ ಕೈಹಾಕ್ತಾರಾ ಅನ್ನೋದು ನನ್ನ ಆತಂಕ. 365 ಅನ್ನೋ ಸಂಖ್ಯೆಗೆ ಒಂದು ಕಾವಲು ಇತ್ತು, ಮುಟ್ಟಿದರೆ ಸುದ್ದಿಯಾಗುತ್ತಿತ್ತು. 467ಕ್ಕೆ ಯಾರು ಕಾವಲು?

ಕೊನೆಯದಾಗಿ, ಇಲ್ಲಿ ಯು1, ಯು2, ಯು3, ಯು4, ಯು6 ಅಂತ ಐದು ಮೆಟ್ರೊ ಮಾರ್ಗ ಇವೆ. ಯು5 ಎಲ್ಲಿ ಅಂತ ಹೊಸಬರೆಲ್ಲ ಕೇಳ್ತಾರೆ. ಅದನ್ನ ಈಗ ಅಗೀತಿದ್ದಾರೆ, ಡ್ರೈವರ್ ಇಲ್ಲದೆ ಓಡೋ ಊರಿನ ಮೊದಲ ಮಾರ್ಗ ಅದೇ.

ನಿಮ್ಮ ಆಫೀಸಲ್ಲೋ ಕಾಲೇಜಲ್ಲೋ ಬಸ್ಸು-ಮೆಟ್ರೊ ಪಾಸಿಗೆ ದುಡ್ಡು ಕೊಡ್ತಾರಾ? ಪಾರ್ಕಿಂಗ್‌ಗೆ ದುಡ್ಡು ತಗೋತಾರಾ? ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಕಂತಲ್ಲಿ ಕೇಳಿಸ್ತೀನಿ.