ಲದ್ದಿ ಹುಳುವಿನ ಕುಲ ಮತ್ತು ನೆಲೆ

(ವಿಜಯಪುರ ಜಿಲ್ಲೆಯ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬಂದಾಗಲೆಲ್ಲ ತಾವು ಕೇಳುವ ಪ್ರಶ್ನೆ ಒಂದೇ: "ಸಾಹೇಬರ, ಸುಳಿಯೊಳಗ ಲದ್ದಿ ಹುಳ ಬಿದ್ದೈತಿ, ಯಾವ ಎಣ್ಣಿ ಹೊಡಿಬೇಕು?" ಎಣ್ಣೆಯ ಹೆಸರಿಗಿಂತ ಮೊದಲು ಹುಳುವಿನ ಹೆಸರು ತಿಳಿಯಬೇಕು. ಈಗ ಲದ್ದಿ ಹುಳು ಎಂಬ ಒಂದೇ ಹೆಸರಿನಲ್ಲಿ ಎರಡು ಹುಳುಗಳಿವೆ. ಒಂದು, ಹಿರಿಯರ ಕಾಲದಿಂದ ಜೋಳಕ್ಕೆ ಬೀಳುವ ಹಳೆಯ ಸೈನಿಕ ಹುಳು. ಇನ್ನೊಂದು, ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು.

ಈ ಹೊಸ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ ಕಂಡುಬಂತು. ಭಾರತದಲ್ಲಿ ಅದೇ ಮೊದಲು. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು ಕಣ್ಣಿನ ಗುರುತಿನ ಜೊತೆಗೆ ವಂಶವಾಹಿ ಪರೀಕ್ಷೆಯಿಂದಲೂ ಅದನ್ನು ಖಚಿತಪಡಿಸಿದರು. ಅದೇ ವರ್ಷ ಮಹಾರಾಷ್ಟ್ರದಲ್ಲಿ ಕಬ್ಬಿನ ಮೇಲೂ ಕಂಡಿತು.

ಬೆಳೆದ ಹುಳುವನ್ನು ಕಣ್ಣಿನಿಂದಲೇ ಗುರುತಿಸಬಹುದು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಆದರೆ ತತ್ತಿ, ಎಳೆಯ ಮರಿ, ರೆಕ್ಕೆ ಸವೆದ ಪತಂಗಗಳಲ್ಲಿ ಈ ಗುರುತು ಸಿಗದು. ಆಗ ವಂಶವಾಹಿಯೇ ಸಾಕ್ಷಿ. ಜೀವಕೋಶದಲ್ಲಿ ತಾಯಿಯಿಂದ ಮಾತ್ರ ಬರುವ ಒಂದು ವಂಶವಾಹಿಯಲ್ಲಿ ಸುಮಾರು 650 ಅಕ್ಷರಗಳಷ್ಟು ಭಾಗವನ್ನು ಓದಿ, ತಿಳಿದ ಹುಳುಗಳ ಪಟ್ಟಿಯೊಡನೆ ಹೋಲಿಸುತ್ತಾರೆ. ಊರೂರಿನ ಮಾದರಿಗಳನ್ನು ಹೀಗೆ ಓದಿದರೆ ಯಾವ ಹುಳು ಎಲ್ಲಿದೆ ಎಂಬ ನಕ್ಷೆ ಸಿದ್ಧವಾಗುತ್ತದೆ.

ಆದರೆ ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ಅಮೆರಿಕದಲ್ಲಿ ಈ ಹುಳುವಿಗೆ ಭತ್ತದ ಬಳಗ, ಗೋವಿನಜೋಳದ ಬಳಗ ಎಂದು ಎರಡು ಬಳಗಗಳಿವೆ. ನಮ್ಮ ದೇಶದಲ್ಲಿ ಗೋವಿನಜೋಳದ ಮೇಲೆ ಹಿಡಿದ ಬಹಳಷ್ಟು ಹುಳುಗಳು ತಾಯಿಯ ವಂಶವಾಹಿಯ ಪ್ರಕಾರ ಭತ್ತದ ಬಳಗವಾಗಿದ್ದವು. ತಂದೆಯಿಂದಲೂ ಬರುವ ಇನ್ನೊಂದು ವಂಶವಾಹಿ ನೋಡಿದಾಗ ಗೋವಿನಜೋಳದ ಬಳಗದ ಗುರುತು ಸಿಕ್ಕಿತು. ಎಂದರೆ ಇವು ಬೆರಕೆ ಸಂತತಿ ಎಂದು ತಿಳಿಯಬೇಕು. ಆದ್ದರಿಂದ ಗೋವಿನಜೋಳದ ಜೊತೆಗೆ ಹಿಂಗಾರಿ ಬಿಳಿಜೋಳದ ಮೇಲೂ ಕಣ್ಣಿಡಬೇಕು. ಜೋಳ ಹೋದರೆ ಮನೆಯ ರೊಟ್ಟಿಯೂ ಹೋಯಿತು, ದನಗಳ ಕಣಿಕೆಯೂ ಹೋಯಿತು.

ಈ ನಕ್ಷೆಗೆ ತಮ್ಮ ಸಹಾಯ ಬೇಕು. ಬೇರೆ ಬೇರೆ ಗಿಡಗಳಿಂದ ನಾಲ್ಕೈದು ಹುಳು ಹಿಡಿಯಿರಿ. ಇವು ಒಂದನ್ನೊಂದು ತಿನ್ನುತ್ತವೆ. ಆದ್ದರಿಂದ ತೂತು ಮಾಡಿದ ಒಂದೊಂದು ಡಬ್ಬಿಯಲ್ಲಿ ಒಂದೊಂದನ್ನೇ, ಎಲೆಯ ಚೂರಿನೊಡನೆ ಇಡಿರಿ. ಊರು, ಬೆಳೆ, ತಾರೀಖು ಬರೆದು ಅದೇ ದಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸಿರಿ. ಕಾರ್ಯಕರ್ತರು ಮಾದರಿಯನ್ನು ಸ್ಪಿರಿಟ್‌ನಲ್ಲಿಡಲಿ. ಫಾರ್ಮಲಿನ್ ವಂಶವಾಹಿಯನ್ನು ಕೆಡಿಸುತ್ತದೆ. ಚೀಟಿಯನ್ನು ಪೆನ್ಸಿಲ್‌ನಿಂದಲೇ ಬರೆಯಲಿ. ಹುಡುಕಿಯೂ ಹುಳು ಸಿಗದ ಹೊಲವನ್ನೂ ದಾಖಲಿಸಲಿ. 'ಇಲ್ಲ' ಎಂಬುದೂ ನಕ್ಷೆಗೆ ಬೇಕಾದ ಸುದ್ದಿ.

ಪರೀಕ್ಷೆಯ ಫಲ ಬರುವತನಕ ಕೈಕಟ್ಟಿ ಕೂಡಬೇಡಿರಿ. ವಾರಕ್ಕೆರಡು ಸಲ ಸುಳಿ ನೋಡಿ, ತತ್ತಿಯ ಗುಂಪುಗಳನ್ನು ಹಿಸುಕಿ ಹಾಕಿರಿ. ಹುಳು ಸುಳಿಯ ಆಳಕ್ಕಿಳಿದು ಲದ್ದಿ ತುಂಬಿಕೊಂಡ ಮೇಲೆ ಹೊಡೆದ ಎಣ್ಣೆ ಅದಕ್ಕೆ ತಾಗದು. ಹಣ ಮಾತ್ರ ಹೋಗುತ್ತದೆ. ಈ ಪತಂಗ ಒಂದೇ ರಾತ್ರಿ 100 ಕಿಲೋಮೀಟರ್‌ವರೆಗೆ ಹಾರಬಲ್ಲದು. ಅದಕ್ಕೆ ತಾಲೂಕಿನ ಗಡಿ ಗೊತ್ತಿಲ್ಲ. ನಾಲ್ಕೂ ತಾಲೂಕಿನವರು ಕೂಡಿಯೇ ಕಾವಲು ಕಾಯಬೇಕು.