ನಂಜಿಗೆ ಔಷಧಿಯೆಂಬ ಹೆಸರು



ಮುಂಗಾರು ಹಿಡಿದು ಆಲೂಗೆಡ್ಡೆಯ ಗಿಡ ಗೇಣುದ್ದ ಬೆಳೆದ ಹೊತ್ತಿನಲ್ಲಿ ಹಾಸನದ ಸುತ್ತಣ ಯಾವುದೇ ಹಳ್ಳಿಗೆ ಹೋಗಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲದ ಕಡೆಗೆ ನಡೆದಿರುವ ರೈತನನ್ನು ಎಲ್ಲಿಗೆ ಹೊರಟೆಯಪ್ಪ ಎಂದು ಕೇಳಿ ನೋಡಿ. ‘ಔಷಧಿ ಹೊಡೆಯೋಕೆ’ ಎಂಬುದೇ ಅವನ ಉತ್ತರ. ಚನ್ನರಾಯಪಟ್ಟಣದ ತೋಟದವರು ತೆಂಗಿನ ಮರಕ್ಕೆ ಕೊಡುವುದು ಔಷಧಿ. ಅರಕಲಗೂಡಿನವರು ಹೊಗೆಸೊಪ್ಪಿಗೆ ಹೊಡೆಯುವುದು ಔಷಧಿ. ಹೊಳೆನರಸೀಪುರದ ನಾಲೆಯ ಬಯಲಿನವರು ಬತ್ತಕ್ಕೆ ಸಿಂಪಡಿಸುವುದೂ ಔಷಧಿಯೇ. ಬಾಳಿಗೆ ಬೇಸತ್ತು ಯಾರಾದರೂ ಅದರಿಂದಲೇ ಪ್ರಾಣ ಕಳೆದುಕೊಂಡರೆ, ಆಗಲೂ ಊರಿನ ಜನ ಹೇಳುವ ಮಾತು ‘ಔಷಧಿ ಕುಡಿದರಂತೆ’ ಎಂದೇ. ಕಾಯುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರು.

ನಾನು ರಸಾಯನಶಾಸ್ತ್ರವನ್ನಾಗಲಿ ವೈದ್ಯವನ್ನಾಗಲಿ ಕಲಿತವನಲ್ಲ. ಕನ್ನಡ ಓದಿ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಪರಿಸರದಲ್ಲಿ ಸೇರಿಕೊಂಡಿರುವ ವಿಷಗಳು ಮನುಷ್ಯರಿಗೂ ಪ್ರಾಣಿಪಕ್ಷಿಗಳಿಗೂ ಏನು ಮಾಡುತ್ತಿವೆ ಎಂಬ ಪ್ರಶ್ನೆಯನ್ನು ನಾನು ಹಿಡಿಯಬಹುದಾದದ್ದು ಈ ಶಬ್ದದ ತುದಿಯಿಂದಲೇ. ಹೆಸರು ತಪ್ಪಾದರೆ ಎಚ್ಚರವೂ ತಪ್ಪುತ್ತದೆ ಎಂಬುದು ನನ್ನ ಇಂದಿನ ಮಾತಿನ ಸಾರಾಂಶ.

ಕೊಲ್ಲುವ ವಸ್ತುವಿಗೆ ಕನ್ನಡದಲ್ಲಿ ಹೆಸರಿಲ್ಲದೆ ಇಲ್ಲ. ಸಂಸ್ಕೃತದಿಂದ ಬಂದ ‘ವಿಷ’ ಉಂಟು. ನಮ್ಮದೇ ಆದ ‘ನಂಜು’ ಉಂಟು. ಇವೆರಡನ್ನೂ ನಮ್ಮ ಜನ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಹಾವಿನ ವಿಷ ಏರುವುದು ಗಳಿಗೆಗಳಲ್ಲಿ. ಆದರೆ ಕಾಲಿಗೆ ಚುಚ್ಚಿದ ಮುಳ್ಳು ಒಳಗೇ ಉಳಿದು ನಾಲ್ಕು ದಿನದ ಮೇಲೆ ಬಾತುಕೊಂಡರೆ ‘ನಂಜಾಯಿತು’ ಎನ್ನುತ್ತೇವೆ. ಗಾಯವಾದವರಿಗೆ ಬದನೆಕಾಯಿ ಬಡಿಸದೆ ‘ಅದು ನಂಜು’ ಎನ್ನುವ ಅಜ್ಜಿಯರು ಇಂದಿಗೂ ಇದ್ದಾರೆ. ಕಣ್ಣಿಗೆ ಕಾಣದೆ ಒಳಗೆ ಕೂಡಿಕೊಂಡು, ತಡವಾಗಿ ತಲೆಯೆತ್ತುವುದು ನಂಜಿನ ಗುಣ. ಇನ್ನು ‘ಮದ್ದು’ ಎಂಬ ಮಾತನ್ನು ನೋಡಿ. ರೋಗಕ್ಕೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಹಗೆಯವರು ಊಟದಲ್ಲಿ ಬೆರೆಸುತ್ತಾರೆಂದು ಜನ ಅಂಜುವ ಕೈಮದ್ದೂ ಮದ್ದೇ. ಗುಣ ಮಾಡುವುದು ಕೊಲ್ಲಲೂ ಬಲ್ಲದು ಎಂಬ ಅರಿವು ಆ ಮಾತಿನಲ್ಲಿಯೇ ಅಡಗಿದೆ. ‘ಔಷಧಿ’ಗೆ ಆ ಎರಡನೆಯ ಅಲಗಿಲ್ಲ, ಅದು ಬರಿಯ ಭರವಸೆಯ ಮಾತು.

ಹಾಗೆಂದು ಈ ಹೆಸರು ವಿನಾಕಾರಣ ಬಂದದ್ದೂ ಅಲ್ಲ. ಪಾಲ್ ಮುಲ್ಲರ್ ಎಂಬ ಸ್ವಿಸ್ ವಿಜ್ಞಾನಿ 1939ರಲ್ಲಿ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಬಹುಮಾನ ಪಡೆದ. ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನ ಮಲೇರಿಯಾದಿಂದ ನರಳುತ್ತಿದ್ದರು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. ನಮ್ಮ ಜಿಲ್ಲೆಯ ಮಲೆನಾಡಿನ ಸೆರಗೂ ಚಳಿಜ್ವರಕ್ಕೆ ಹೆಸರಾಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮೊದಲಾಗಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಬಿದ್ದಿತು, 1960ರ ದಶಕದ ನಡುವಿನ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆಲೂಗೆಡ್ಡೆಗೆ ಬರುವ ಅಂಗಮಾರಿ ರೋಗವೂ ಸಾಮಾನ್ಯವಾದುದಲ್ಲ. ಅದೇ ರೋಗ 1845ರಲ್ಲಿ ಐರ್ಲೆಂಡಿಗೆ ತಗಲಿ, ಮುಂದಿನ ಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು. ಸಾಲ ಮಾಡಿ ಬಿತ್ತನೆಗೆಡ್ಡೆ ತಂದ ನಮ್ಮ ರೈತ, ಮೋಡ ಕವಿದ ನಾಲ್ಕು ದಿನಗಳಲ್ಲಿ ಇಡೀ ಹೊಲ ಕರಕಾಗುವುದನ್ನು ಕಂಡವನು. ಅದನ್ನು ತಡೆಯುವ ಪುಡಿಗೆ ಅವನು ಔಷಧಿಯೆಂದದ್ದರಲ್ಲಿ ಆಶ್ಚರ್ಯವೇನು?

ಅದರ ಇನ್ನೊಂದು ಮುಖ ತಡವಾಗಿ ಕಂಡಿತು. ಡಿ.ಡಿ.ಟಿ. ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಬೇಗನೆ ಕೊಳೆಯುವುದೂ ಇಲ್ಲ. ಕೆರೆಯ ಪಾಚಿಯಲ್ಲಿರುವ ಸಾಸಿವೆಯಷ್ಟು ವಿಷ ಅದನ್ನು ತಿನ್ನುವ ಹುಳುವಿನಲ್ಲಿ ಹೆಚ್ಚಾಗಿ, ಹುಳುವನ್ನು ತಿನ್ನುವ ಮೀನಿನಲ್ಲಿ ಇನ್ನೂ ಹೆಚ್ಚಾಗಿ, ಮೀನನ್ನು ತಿನ್ನುವ ಹಕ್ಕಿಯಲ್ಲಿ ಬೆಟ್ಟದಷ್ಟಾಗುತ್ತದೆ. ಇಂಗ್ಲೆಂಡಿನ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ 1967ರಲ್ಲಿ ಒಂದು ವಿಚಿತ್ರವನ್ನು ತೋರಿಸಿದ. ಡೇಗೆಯಂಥ ಬೇಟೆಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳುವಾಗಿಹೋಗಿತ್ತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಹಕ್ಕಿ ಸಾಯಲಿಲ್ಲ, ಅದರ ವಂಶ ಸಾಯತೊಡಗಿತು. ಇದಲ್ಲವೆ ನಂಜು? ಸಮುದ್ರಮಥನದ ವಿಷವನ್ನುಂಡು ನಂಜುಂಡನಾದವನು ಅದನ್ನು ಕಂಠದಲ್ಲಿಯೇ ತಡೆದುಕೊಂಡನೆಂದು ಪುರಾಣ. ಹಕ್ಕಿಗಾಗಲಿ ಮೀನಿಗಾಗಲಿ ಮನುಷ್ಯನಿಗಾಗಲಿ ಅಂಥ ಕಂಠವಿಲ್ಲ. ಒಳಕ್ಕೆ ಹೋದದ್ದು ಕೊಬ್ಬಿಗೆ, ರಕ್ತಕ್ಕೆ, ಗರ್ಭದ ಕೂಸಿಗೆ ಇಳಿಯುತ್ತದೆ. ನಮ್ಮ ದೇಶ 1989ರಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. ಬಳಸುವುದನ್ನು ನಿಷೇಧಿಸಿತು.

ಇದು ಹೊರದೇಶದ ಹಕ್ಕಿಗಳ ಕಥೆಯೆಂದು ತಿಳಿಯಬೇಡಿ. ಕನ್ನಡ ಮಾತನಾಡುವ ಜನರ ಅಂಗಳದಲ್ಲಿಯೇ ಇಂಥದೊಂದು ದುರಂತ ನಡೆದಿದೆ. ಕಾಸರಗೋಡು ಜಿಲ್ಲೆಯ ಗೇರುತೋಟಗಳಿಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್ನು, ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. 1970ರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಕ್ಕೂ ಮೇಲ್ಪಟ್ಟು ಇದು ನಡೆಯಿತು. ಗುಡ್ಡದ ಮೇಲೆ ತೋಟ. ಕೆಳಗೆ ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಹೆಸರಿನ ಊರುಗಳು. ಅಲ್ಲಿನವರು ಕುಡಿಯುತ್ತಿದ್ದುದು ಗುಡ್ಡ ಕೊರೆದ ಸುರಂಗಗಳ, ತೆರೆದ ತೊರೆಗಳ ನೀರು. 1980ರ ದಶಕದ ಆರಂಭದಲ್ಲಿಯೇ ಪತ್ರಕರ್ತ ಶ್ರೀಪಡ್ರೆಯವರು ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗೆಗೆ ಬರೆದರು. ಅಲ್ಲಿಯೇ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ಒಂದೇ ಕಣಿವೆಯ ಮನೆಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರುಗಳು ಗುಂಪುಗೂಡಿರುವುದನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಮಹಿಳೆ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ತಡೆಯಾಜ್ಞೆ ತಂದರು. ನಮ್ಮ ರಾಜ್ಯದಲ್ಲಿಯೂ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳ ಕಡೆ, ಸರ್ಕಾರಿ ಗೇರುತೋಟಗಳ ಮೇಲೆ ಇದೇ ವಿಷ ಆಕಾಶದಿಂದ ಬಿದ್ದು, ಅಂಥವೇ ಮಕ್ಕಳು ಆ ಮನೆಗಳಲ್ಲಿಯೂ ಹಾಸಿಗೆ ಹಿಡಿದಿದ್ದಾರೆ. ಕೊನೆಗೆ 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಈ ಎಲ್ಲ ರೋಗಗಳಿಗೂ ಎಂಡೋಸಲ್ಫಾನೇ ಕಾರಣವೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದ ವಿಜ್ಞಾನಿಗಳೂ ಇದ್ದರು. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಬಡ ಕೂಲಿಕಾರರ ಸೊಂಟ, ಮಂಡಿಗಳ ಕೀಲುಗಳನ್ನು ಹಿಡಿದ ರೋಗ ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಹುಟ್ಟಿತು. ಮುಂದಿನ ಸಂಶೋಧನೆಗಳು ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ರೋಗವೆಂದು ತೋರಿಸಿದವು. ಎಲ್ಲ ಕಾಯಿಲೆಯನ್ನೂ ವಿಷದ ತಲೆಗೆ ಕಟ್ಟುವುದು ತಪ್ಪು. ಆದರೆ ಪೂರ್ತಿ ಸಾಕ್ಷ್ಯ ಸಿಗುವ ತನಕ ಸುರಿಸುತ್ತಲೇ ಇರೋಣ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ನಂಜಿಗೆ ಸಾಕ್ಷಿ ಸಿಗುವುದು ಒಂದು ತಲೆಮಾರು ಕಳೆದ ಮೇಲೆ. ಅಷ್ಟರಲ್ಲಿ ಕೂಸು ಹುಟ್ಟಿ ಮಲಗಿರುತ್ತದೆ.

ನಿಜವಾದ ಔಷಧಿಯೇ ನಂಜಾದ ಒಂದು ಪ್ರಸಂಗವೂ ಉಂಟು. ಡೈಕ್ಲೋಫೆನಾಕ್ ಎಂಬುದು ಮನುಷ್ಯರ ನೋವಿಗೆ ಕೊಡುವ ಮಾತ್ರೆ. 1990ರ ದಶಕದಲ್ಲಿ ಅದನ್ನು ದನಗಳಿಗೂ ಕೊಡತೊಡಗಿದರು. ಆ ದನ ಸತ್ತರೆ ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತಿತ್ತು. ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹದಿನೈದು ವರ್ಷಗಳಲ್ಲಿ ಅಳಿದವು. ಕಾರಣ ತಿಳಿದದ್ದು 2004ರಲ್ಲಿ. ದನಗಳಿಗೆ ಕೊಡುವುದನ್ನು ಸರ್ಕಾರ ತಡೆದದ್ದು 2006ರಲ್ಲಿ. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಿದರು. ಹೆಣವನ್ನು ಒಂದು ಗಳಿಗೆಯಲ್ಲಿ ಮುಗಿಸಿ ಊರನ್ನು ಚೊಕ್ಕಟವಾಗಿಡುತ್ತಿದ್ದ ಹಕ್ಕಿ ಇಲ್ಲವಾದ ಕಡೆಗಳಲ್ಲಿ ಆ ಹೆಣ ಬೀದಿನಾಯಿಗಳ ಪಾಲಾಯಿತು. ಹದ್ದಿಗೆ ತಗಲಿದ ನಂಜು ಹೀಗೆ ಸುತ್ತಿಬಳಸಿ ಮನುಷ್ಯನ ಬಾಗಿಲಿಗೂ ಬಂತು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ಕೂಡಲೇ ಯಾರನ್ನೂ ಕೆಡಹುವುದಿಲ್ಲ. ಆದರೆ ಅದು ಒಡೆದಾಗ ಹುಟ್ಟುವ ವಸ್ತು ಪ್ರಾಣಿಗಳ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುವುದು ಕಂಡುಬಂದಿದೆ. ಯೂರೋಪಿನ ಒಕ್ಕೂಟ 2020ರಲ್ಲಿ ಅದರ ಪರವಾನಗಿಯನ್ನು ಮುಂದುವರಿಸಲಿಲ್ಲ. ತೆಂಗಿಗೆ ನುಸಿಪೀಡೆ ಬಂದ ವರ್ಷಗಳಲ್ಲಿ ಚನ್ನರಾಯಪಟ್ಟಣದ ಕಡೆಯ ತೋಟಗಾರರಿಗೂ ಹೇಳಿಕೊಟ್ಟ ಉಪಾಯವೆಂದರೆ ಮಾನೋಕ್ರೋಟೋಫಾಸ್ ಎಂಬ ಉಗ್ರವಿಷವನ್ನು ಬೇರಿನ ಮೂಲಕ ಮರಕ್ಕೆ ಕುಡಿಸುವುದು. ಕುಡಿಸಿದ ಮೇಲೆ 45 ದಿನ ಕಾಯಿ ಕೀಳಬಾರದೆಂಬ ನಿಯಮವೂ ಅದರ ಜೊತೆಗಿತ್ತು. ಕಾಯಿಲೆಯವರಿಗೆ ನಾವು ಮೊದಲು ಕೊಡುವುದು ಎಳನೀರು. ಆ 45 ದಿನಗಳನ್ನು ಯಾರು ಎಣಿಸಿದರು, ಯಾರು ಎಣಿಸಲಿಲ್ಲ ಎಂಬುದು ಎಳನೀರಿನ ಬುರುಡೆಯ ಮೇಲೆ ಬರೆದಿರುವುದಿಲ್ಲ. ಇದೇ ವಿಷದಿಂದ 1995–96ರಲ್ಲಿ ಅರ್ಜೆಂಟೀನದ ಹೊಲಗಳಲ್ಲಿ ಸಾವಿರಾರು ಗಿಡುಗಗಳು ಸತ್ತುಬಿದ್ದವು. 2013ರಲ್ಲಿ ಬಿಹಾರದ ಶಾಲೆಯೊಂದರ ಮಧ್ಯಾಹ್ನದ ಊಟದಲ್ಲಿ ಸೇರಿ 23 ಮಕ್ಕಳು ತೀರಿಕೊಂಡರು. ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಮಳೆಗೆ ನೆನೆದ ಎಲೆ ಮುರಿಯುವ ಹೆಂಗಸರಿಗೆ ತಲೆ ಸುತ್ತಿ ವಾಂತಿಯಾದರೆ ‘ಪಿತ್ತ’ ಎಂದು ಸುಮ್ಮನಾಗುತ್ತಾರೆ. ಎಲೆಯ ನಿಕೋಟಿನ್ ಒದ್ದೆ ಚರ್ಮದ ಮೂಲಕ ಒಳಗಿಳಿದರೂ ಹಾಗೆಯೇ ಆಗುತ್ತದೆ. ಕೈಗವಸು ತೊಡುವುದು, ಎಲೆ ಒಣಗಿದ ಮೇಲೆ ಮುರಿಯುವುದು — ಇಷ್ಟರಿಂದಲೇ ಬಹುಪಾಲು ತಪ್ಪಬಹುದಾದ ನೋವು ಅದು.

ಹೊಲಕ್ಕೆ ಬಿದ್ದದ್ದು ಹೊಲದಲ್ಲಿಯೇ ನಿಲ್ಲುವುದೂ ಇಲ್ಲ. ಮೊದಲ ಮಳೆಗೆ ಕೊಚ್ಚಿ ಹಳ್ಳ ಸೇರುತ್ತದೆ; ಹಳ್ಳ ಹೇಮಾವತಿಯನ್ನೋ ಕಾವೇರಿಯನ್ನೋ ಸೇರುತ್ತದೆ. ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳಿವೆ. ಅವನ್ನು ಯಾರೂ ಹಿಡಿಯುವುದಿಲ್ಲ. ಭಕ್ತರು ಪುರಿ ಹಾಕಿ ಕೈಮುಗಿಯುತ್ತಾರೆ. ಬಲೆಯಿಂದ ಮೀನನ್ನು ಕಾಯುವ ಭಕ್ತಿ ನಮ್ಮಲ್ಲಿದೆ. ನೀರಿನಿಂದ ಮೀನನ್ನು ಕಾಯುವ ಬುದ್ಧಿ ಇನ್ನೂ ಬರಬೇಕಾಗಿದೆ. ಎಂಡೋಸಲ್ಫಾನಿನಂಥ ವಿಷ ಒಂದು ಲೀಟರು ನೀರಿನಲ್ಲಿ ಗ್ರಾಮಿನ ಹತ್ತುಲಕ್ಷದ ಒಂದೆರಡು ಪಾಲಿನಷ್ಟಿದ್ದರೂ ಕೆಲವು ಜಾತಿಯ ಮೀನುಗಳು ಬದುಕುವುದಿಲ್ಲ. ಡಬ್ಬಿ ತೊಳೆಯುವವರು ಹೊಳೆಯ ಸೋಪಾನದಲ್ಲಿ ಕುಳಿತು ತೊಳೆದರೆ ಮೀನಿಗೆ ಹಾಕಿದ ಪುರಿಗೆ ಅರ್ಥವೇನು?

ಹಾಗಾದರೆ ಮಾಡಬೇಕಾದದ್ದೇನು? 1958ರಲ್ಲಿ ಕೇರಳದಲ್ಲಿ ಆಹಾರಕ್ಕೆ ಕೀಟನಾಶಕ ಸೋಂಕಿ ನೂರಕ್ಕೂ ಹೆಚ್ಚು ಜನ ಸತ್ತ ಬಳಿಕ 1968ರಲ್ಲಿ ಕೀಟನಾಶಕ ಕಾಯಿದೆ, 1971ರಲ್ಲಿ ಅದರ ನಿಯಮಗಳು ಬಂದವು. ಅದರಂತೆ ಪ್ರತಿ ಡಬ್ಬಿಯ ಮೇಲೆಯೂ ಬಣ್ಣದ ಗುರುತಿರಬೇಕು. ಕೆಂಪೆಂದರೆ ಅತ್ಯುಗ್ರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ನೀಲಿ ಮಧ್ಯಮ, ಹಸಿರು ಸೌಮ್ಯ. ಹಸಿರನ್ನು ಕಂಡು ಅಪಾಯವಿಲ್ಲವೆಂದು ತಿಳಿಯುವವರಿದ್ದಾರೆ. ಹಸಿರೂ ವಿಷವೇ, ಕಡಿಮೆಯ ವಿಷ, ಅಷ್ಟೆ. ಡಬ್ಬಿಯೊಡನೆ ಬರುವ ಚೀಟಿಯಲ್ಲಿ ಕನ್ನಡವೂ ಇರುತ್ತದೆ. ಭೂತಗನ್ನಡಿ ಹಿಡಿದರೆ ಓದಬಹುದು! ಶಾಲೆಯ ಮೇಷ್ಟರು, ಊರಿನ ಓದಿದ ಹುಡುಗರು ಆ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಕಾಲದ ಗಮಕವಾಚನವೆಂದು ನಾನು ತಿಳಿದಿದ್ದೇನೆ. ಎಷ್ಟು ದಿನ ಕಾಯಬೇಕೋ ಅಷ್ಟು ದಿನ ಕಾಯದೆ ಕೊಯ್ಯಬಾರದು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ಇಡಬಾರದು. ಬಸುರಿಯರು, ಮಕ್ಕಳು ಆ ಹೊಲದ ಹತ್ತಿರ ಸುಳಿಯಬಾರದು. ರೋಗ ಬರುವ ಮೊದಲೇ ಭಯದಿಂದ ಹೊಡೆಯುವುದನ್ನು, ಅಂಗಡಿಯವನ ಮಾತನ್ನೇ ವೈದ್ಯನ ಮಾತೆಂದು ನಂಬುವುದನ್ನು ಬಿಡಬೇಕು.

ಪಟ್ಟಣದಲ್ಲಿರುವ ನಾವೂ ಹೊರಗಿನವರಲ್ಲ. ಮಚ್ಚೆಯಿಲ್ಲದ ಬದನೆ, ಹುಳುವಿಲ್ಲದ ಕೋಸು ಬೇಕೆಂದು ಸಂತೆಯಲ್ಲಿ ಆರಿಸುವ ಕೈ ನಮ್ಮದು. ಆ ಆಯ್ಕೆಯ ಬೆಲೆಯನ್ನು ಮೊದಲು ತೆರುವವನು ಬರಿಗಾಲಿನಲ್ಲಿ, ಬಾಯಿಗೆ ಬಟ್ಟೆಯೂ ಇಲ್ಲದೆ ಗಾಳಿಗೆದುರಾಗಿ ಪಂಪು ಹೊಡೆಯುವ ದಿನಗೂಲಿಯವನು.

ಇವೆಲ್ಲಕ್ಕೂ ಮೊದಲು, ಒಂದು ಕಾಸಿನ ಖರ್ಚೂ ಇಲ್ಲದ ಒಂದು ಕೆಲಸವಿದೆ. ‘ಹೊಲಕ್ಕೆ ಔಷಧಿ ಹೊಡೆದಿದ್ದಾರೆ’ ಎಂದರೆ ಮಗು ಆ ಕಡೆಗೇ ಆಡಲು ಹೋದೀತು. ‘ವಿಷ ಹೊಡೆದಿದ್ದಾರೆ’ ಎಂದರೆ ನಿಲ್ಲುತ್ತದೆ. ಬಳಸಲೇಬೇಕಾದಾಗ ಬಳಸೋಣ, ಆದರೆ ಅದರ ಹೆಸರು ಹಿಡಿದು ಕರೆದು ಬಳಸೋಣ.