ತಣ್ಣಗಾಗುವುದೆಂದರೆ

ಕನ್ನಡದಲ್ಲಿ ‘ತಣ್ಣಗೆ’ ಎಂಬ ಮಾತಿಗೆ ಎರಡು ಮುಖಗಳುಂಟು. ನೀರು ತಣ್ಣಗಿದೆ ಎನ್ನುವಾಗ ಅದು ಸ್ಪರ್ಶಕ್ಕೆ ಸಂಬಂಧಿಸಿದ್ದು. ಗಲಾಟೆ ತಣ್ಣಗಾಯಿತು, ಮಗು ತಣ್ಣಗೆ ಮಲಗಿತು ಎನ್ನುವಾಗ ಕಿವಿಗೂ ಮನಸ್ಸಿಗೂ ಸಂಬಂಧಿಸಿದ್ದು. ಕಾವು ಇಳಿಯುವುದಕ್ಕೂ ಸದ್ದು ಅಡಗುವುದಕ್ಕೂ ನಮ್ಮ ನುಡಿ ಒಂದೇ ಪದವನ್ನು ಇಟ್ಟುಕೊಂಡಿದೆ. ಈ ನಂಟು ಮಾತಿನದಷ್ಟೇ ಅಲ್ಲ, ವಸ್ತುಸ್ಥಿತಿಯದೂ ಹೌದೆಂಬುದಕ್ಕೆ ಇಂದು ಮನೆಮನೆಯ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರವೇ ಸಾಕ್ಷಿ.

ಗಣಕದ ಮಿದುಳೆನಿಸಿದ ಪ್ರೊಸೆಸರಿನಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಆದರೂ ಯಂತ್ರ ಮೊರೆಯುವುದೇಕೆ? ಅದು ನುಂಗಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿ ಹೊರಬೀಳಲೇಬೇಕು. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರ ಸುಮಾರು 18,000 ವಾಲ್ವುಗಳಿಂದ ದೊಡ್ಡದೊಂದು ಕೋಣೆಯನ್ನೇ ತುಂಬಿ, ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ಬೇಡುತ್ತಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯ ಪ್ರೊಸೆಸರಿಗೆ ತನ್ನದೇ ಆದ ಫ್ಯಾನಿನ ಅಗತ್ಯವಿರಲಿಲ್ಲ. ಇಂದಿನದೋ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹಳೆಯ ನೂರು ವಾಟಿನ ಬಲ್ಬಿನಷ್ಟು ಕಾವನ್ನು ಹುಟ್ಟಿಸಬಲ್ಲದು. ಉಷ್ಣತೆ ನೂರು ಡಿಗ್ರಿಯನ್ನು ಸಮೀಪಿಸಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆ ಸ್ಥಿತಿ ಬಾರದಿರಲೆಂದು ಫ್ಯಾನು ಕಾವಿಗೆ ತಕ್ಕಂತೆ ರಭಸವಾಗಿ ತಿರುಗುತ್ತದೆ. ನಾವು ಕೇಳುವ ಸದ್ದು ಒಳಗಿನ ಜ್ವರದ ನಾಡಿಬಡಿತ.

ನಮ್ಮ ಮನೆಯ ಯಂತ್ರವನ್ನು ನನ್ನ ಸೋದರಳಿಯ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿಕೊಟ್ಟ. ನನ್ನ ಗುರುಗಳ ಕುಮಾರವ್ಯಾಸ ಭಾರತದ ವಾಚನ-ವ್ಯಾಖ್ಯಾನ ಹಳೆಯ ಕ್ಯಾಸೆಟ್ಟುಗಳಲ್ಲಿ ಉಳಿದಿದೆ. ಅದನ್ನು ಗಣಕಕ್ಕೆ ಇಳಿಸಿ, ಇಬ್ಬರು ವಿದ್ಯಾರ್ಥಿಗಳೊಡನೆ ಕುಳಿತು ಕೇಳಿ, ಪದಚ್ಛೇದವನ್ನೂ ಅರ್ಥವಿವರಣೆಯನ್ನೂ ಬರೆದಿಡುವುದು ಈಗಿನ ಕೆಲಸ. ತಂತಿಯ ಮೂಲಕ ಇಳಿಯುವ ಧ್ವನಿಗೆ ಕೋಣೆಯ ಸದ್ದು ಅಂಟುವುದಿಲ್ಲ. ತೊಂದರೆ ಕೇಳುವ ಕಿವಿಗೆ. ಷಟ್ಪದಿಯ ಆರನೆಯ ಸಾಲಿನ ಕೊನೆಯಲ್ಲಿ ಇಳಿದ ದನಿ, ಎಲ್ಲಿ ಪದ ಒಡೆಯಬೇಕೆಂಬುದನ್ನು ಸೂಚಿಸುವ ಅರೆನಿಮಿಷದ ತಡೆ, ಇವೆಲ್ಲ ಫ್ಯಾನಿನ ಮೊರೆತದಲ್ಲಿ ಮುಳುಗುತ್ತಿದ್ದುವು. ಮತ್ತೊಮ್ಮೆ ಹೇಳಿ ಎಂದು ಕೇಳೋಣವೆಂದರೆ ಗುರುಗಳು ಈಗಿಲ್ಲ.

ಇಂಥ ಸದ್ದಿಗೆ ಜನ ಸಾಮಾನ್ಯವಾಗಿ ಹುಡುಕುವ ಉಪಾಯ, ಯಂತ್ರವನ್ನು ಬೀರುವಿನೊಳಗೆ ತಳ್ಳುವುದು ಇಲ್ಲವೆ ಬಟ್ಟೆ ಮುಚ್ಚುವುದು. ಆಗ ಕಾವು ಏರುತ್ತದೆ, ಫ್ಯಾನು ಇನ್ನಷ್ಟು ಅರಚುತ್ತದೆ. ಸರಿಯಾದ ದಾರಿ ಕಾವಿಗೆ ಹೊರಹೋಗಲು ಎಡೆಮಾಡಿಕೊಡುವುದು. ನಮ್ಮ ಹಿರಿಯರ ತೊಟ್ಟಿಮನೆ ಈ ತತ್ತ್ವವನ್ನು ಬಲ್ಲದು: ಬಾಗಿಲು ಕಿಟಕಿಗಳಿಂದ ತಂಪುಗಾಳಿ ಒಳಬಂದು, ಬಿಸಿಗಾಳಿ ತೊಟ್ಟಿಯಿಂದ ಮೇಲೇರಿ ಹೋಗುತ್ತದೆ. ಗಣಕದ ಪೆಟ್ಟಿಗೆಯಲ್ಲಿಯೂ ಮುಂದಿನ ಫ್ಯಾನು ಗಾಳಿಯನ್ನು ಎಳೆದುಕೊಳ್ಳಬೇಕು, ಹಿಂದಿನದು ಹೊರದೂಡಬೇಕು. ನಡುವೆ ತಂತಿಗಳು ಬಲೆಯಂತೆ ಅಡ್ಡ ನಿಲ್ಲಬಾರದು.

ಸೋದರಳಿಯ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ಮೃದುವಾದ ಕುಂಚದಿಂದ ಧೂಳು ತೆಗೆದ. ಶಾಖವನ್ನು ಹೀರಿ ಗಾಳಿಗೆ ಒಪ್ಪಿಸುವ ಲೋಹದ ತೆಳುಗರಿಗಳ ನಡುವೆ ಧೂಳು ಕಂಬಳಿಯಂತೆ ಕವಿದಿತ್ತು. ಬಳಿಕ ಪ್ರೊಸೆಸರಿಗೂ ಆ ಗರಿಗಳ ತಳಕ್ಕೂ ನಡುವೆ ಒಣಗಿಹೋಗಿದ್ದ ಲೇಪವನ್ನು ಒರಸಿ, ತೊಗರಿಕಾಳಿನಷ್ಟು ಹೊಸ ಲೇಪವಿಟ್ಟ. ನುಣುಪಾಗಿ ಕಾಣುವ ಲೋಹದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಕುಳಿಗಳಿರುತ್ತವೆ; ಅಲ್ಲಿ ಗಾಳಿ ಸೇರಿದರೆ ಶಾಖ ತಡೆದು ನಿಲ್ಲುತ್ತದೆ. ತಾಮ್ರ ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತದೆ ಎಂದರೆ ಆ ಸಣ್ಣ ಲೇಪದ ಬೆಲೆ ತಿಳಿದೀತು.

ಮುಂದಿನದು ಫ್ಯಾನಿನ ವಿಚಾರ. 80 ಮಿಲಿಮೀಟರಿನ ಚಿಕ್ಕ ಫ್ಯಾನುಗಳನ್ನು ಬಿಟ್ಟು 120 ಮಿಲಿಮೀಟರಿನವನ್ನು ಹಾಕಿದ. ಒಂದೇ ಆಕಾರದ ಫ್ಯಾನು ಸಾಗಿಸುವ ಗಾಳಿ ಅದರ ಅಗಲದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ದೊಡ್ಡದು ಸುಮಾರು ಮೂರನೆಯ ಒಂದು ಪಾಲು ವೇಗದಲ್ಲಿಯೇ ಅಷ್ಟು ಗಾಳಿಯನ್ನು ಸಾಗಿಸೀತು. ವೇಗ ಅರ್ಧಕ್ಕಿಳಿದರೆ ಅದೇ ಫ್ಯಾನಿನ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ಕಾವು ಕ್ಷಣಕಾಲ ಏರಿದ ಮಾತ್ರಕ್ಕೆ ಫ್ಯಾನು ಬೆಚ್ಚಿಬೀಳದೆ ನಿಧಾನವಾಗಿ ವೇಗ ಬದಲಿಸುವಂತೆಯೂ ಅಳವಡಿಸಿದ. ಒಂದೇ ಸಮನಾದ ಶ್ರುತಿಯನ್ನು ಕಿವಿ ಮರೆಯುತ್ತದೆ, ಏರಿಳಿಯುವ ಸದ್ದನ್ನು ಮರೆಯಲಾರದು.

ಇನ್ನೂ ಒಂದು ಗುಂಯ್‌ಗುಡುವಿಕೆ ಉಳಿದಿತ್ತು. ಅದು ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 7,200 ಸಲ, ಎಂದರೆ ಸೆಕೆಂಡಿಗೆ 120 ಸಲ, ಅದರ ತಟ್ಟೆ ಸುತ್ತುತ್ತದೆ. ತಂತಿಯ ಮಿಡಿತವನ್ನು ತಂಬೂರಿಯ ಬುರುಡೆ ಹಿಗ್ಗಿಸುವಂತೆ ಆ ಅದುರನ್ನು ತಗಡಿನ ಪೆಟ್ಟಿಗೆ ಹಿಗ್ಗಿಸುತ್ತಿತ್ತು. ತಿರುಪುಗಳ ಕೆಳಗೆ ರಬ್ಬರಿನ ಬಿಲ್ಲೆಗಳನ್ನು ಇಟ್ಟಮೇಲೆ ಅದೂ ತಗ್ಗಿತು.

ಇದಕ್ಕೆಲ್ಲ ಒಂದು ಎಲ್ಲೆಯುಂಟು. ಕೋಣೆಯ ಗಾಳಿಗಿಂತ ಹೆಚ್ಚು ತಂಪನ್ನು ಯಾವ ಫ್ಯಾನೂ ತರಲಾರದು. ಕಲಬುರಗಿ, ರಾಯಚೂರುಗಳಲ್ಲಿ ನಲವತ್ತು ಡಿಗ್ರಿ ದಾಟುವ ಬೇಸಗೆಯಲ್ಲಿ ಈ ಯಂತ್ರವನ್ನಿಟ್ಟುಕೊಂಡವರು ಅದನ್ನು ಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳು ಜಾಗ ಬಿಡುವುದಾದರೂ ಅವಶ್ಯ.

ಶ್ರೋತೃಗಳೇ, ನಲವತ್ತು ವರ್ಷಗಳಷ್ಟು ಕಾಲ ತರಗತಿಯಲ್ಲಿ ನಿಂತವನಾಗಿ ಇಲ್ಲಿ ಒಂದು ಮಾತು ಹೇಳಬಹುದು. ಗದ್ದಲವನ್ನು ಗದರಿಸಿ ಅಡಗಿಸುವುದು ಕಷ್ಟವಲ್ಲ, ಆದರೆ ಅದರೊಳಗಿನ ಕಾವು ಎಲ್ಲಿಗೂ ಹೋಗುವುದಿಲ್ಲ. ಏಕೆ ಕಾದಿದೆ, ಎಲ್ಲಿ ದಾರಿ ಕಟ್ಟಿದೆ ಎಂದು ನೋಡಿದರೆ ಸದ್ದು ತಾನಾಗಿ ಇಳಿಯುತ್ತದೆ. ಈಗ ನಮ್ಮ ಕೋಣೆಯಲ್ಲಿ ಗುರುಗಳು ಪದ್ಯ ಮುಗಿಸಿ ವ್ಯಾಖ್ಯಾನಕ್ಕೆ ತೊಡಗುವ ಮುನ್ನ ಪುಟ ತಿರುವುವ ಸಪ್ಪಳವೂ ಕೇಳುತ್ತದೆ.